ಲುರೀನಾ ಇರುವ ಗುಡ್ಡಕ್ಕೆ ದಾರಿ

ಮಾರ್ಚ್ 11, ಬುಧವಾರ
ರಸ್ತೆಯ ಹಿಮ ಕರಗಿಸಲು ಉಪ್ಪು ಎರಚುವ ಲಾರಿ ತೊಳೆದು ಷೆಡ್ಡಿಗೆ ಹಾಕಿದೆವು. ಈ ವರ್ಷದ ಹಿಮ ಮುಗೀತು ಅಂತ ಮೇಸ್ತ್ರಿ. ನನಗೆ ನಂಬಿಕೆ ಇಲ್ಲ. ಮಧ್ಯಾಹ್ನದ ಮೇಲೆ ಹೊಳೆ ರಸ್ತೆಯ ಗುಂಡಿಗಳಿಗೆ ಡಾಂಬರು. ಹೋಬಾರ್ಟ್ ಸಲಿಕೆ ಆಡಿಸಿದ್ದಕ್ಕಿಂತ ಬಾಯಿ ಆಡಿಸಿದ್ದೇ ಹೆಚ್ಚು.

ಮನೆಗೆ ಬಂದರೆ ಬೀನ್ಸ್ ಕಾಳು, ಮೆಕ್ಕೆಜೋಳದ ಬ್ರೆಡ್ಡು. ಒನೈಡಾ ಹಿತ್ತಿಲಿಗೆ ಹೋಗಿ ಡ್ಯಾಫೊಡಿಲ್ ಮೊಗ್ಗು ನೋಡಿ ಬಂದಳು. "ಭಾನುವಾರಕ್ಕೆ ಅರಳ್ತವೆ" ಅಂದಳು. ಅಷ್ಟೇ ಮಾತು. ಭಾನುವಾರ ಲುರೀನಾ ಹುಟ್ಟಿದ ದಿನ. ಗುಡ್ಡಕ್ಕೆ ಹೋಗಬೇಕು.

ಮಾರ್ಚ್ 15, ಭಾನುವಾರ
ಹೋದೆವು. ಮೇಲೆ ಹತ್ತಲು ಆಗಲಿಲ್ಲ.

ಗುಡ್ಡದ ಬುಡದಲ್ಲಿ ಹೊಸ ಗೇಟು. ಕಬ್ಬಿಣದ್ದು. ಸರಪಳಿ, ಬೀಗ, ಕಂಬದ ಮೇಲೆ ಕ್ಯಾಮೆರಾ. "ಒಳಗೆ ಬರಕೂಡದು" ಅಂತ ಬೋರ್ಡು. ಒನೈಡಾಳ ತಾತನ ಜಮೀನು. ಅವರು ಹೋದ ಮೇಲೆ ಅವಳ ದೊಡ್ಡಪ್ಪನ ಮಗ ಲಾನಿಗೆ ಬಂದಿತ್ತು. ಕಳೆದ ವರ್ಷ ಅವನು ಮಾರಿ ಟೆನೆಸೀಗೆ ಹೋದ ಅಂತ ಕೇಳಿದ್ದೆವು. ಮಾರಿದರೆ ಮಾರಲಿ, ಸಮಾಧಿ ಎಲ್ಲಿಗೆ ಹೋಗುತ್ತೆ ಅಂದುಕೊಂಡಿದ್ದೆ.

ಹಾರ್ನ್ ಹೊಡೆದೆ. ಒಬ್ಬ ಸಣ್ಣ ಗಾಡಿಯಲ್ಲಿ ಇಳಿದು ಬಂದ. ಅರವತ್ತರ ಹತ್ತಿರ ವಯಸ್ಸು, ಹೊಸ ಬೂಟು. ಹೆಸರು ಕ್ರೌಸ್. ಸಿನ್ಸಿನಾಟಿಯವನು.

"ನಮ್ಮ ಮಗು ಮೇಲಿದೆ. ಒಂದು ಗಳಿಗೆ ಹೂವಿಟ್ಟು ಬರ್ತೀವಿ" ಅಂದೆ.

"ಮೇಲೆ ಸ್ಮಶಾನ ಇದೆ ಅಂತ ಮಾರೋವಾಗ ನನಗ್ಯಾರೂ ಹೇಳ್ಲಿಲ್ಲ. ಪತ್ರದಲ್ಲೂ ಇಲ್ಲ. ಹೋರಿಗಳನ್ನ ಬಿಟ್ಟಿದ್ದೀನಿ. ನಿಮ್ಮನ್ನ ತಿವಿದ್ರೆ ಕೇಸು ನನ್ಮೇಲೆ."

"ಇಪ್ಪತ್ತೇಳು ವರ್ಷದಿಂದ ಬರ್ತಿದ್ದೀವಿ ಸ್ವಾಮಿ."

"ಇನ್ಮೇಲೆ ಆಗಲ್ಲ."

ಒರಟಾಗಿ ಅನ್ನಲಿಲ್ಲ. ಅಂಗಡಿಯಲ್ಲಿ ಸಾಮಾನು ಮುಗಿದಿದೆ ಅಂತ ಹೇಳಿದ ಹಾಗೆ ಅಂದ. ಕೈ ಮುಷ್ಟಿ ಕಟ್ಟಿತು. ಒನೈಡಾ ನನ್ನ ತೋಳು ಹಿಡಿದಳು. ಹೂವನ್ನು ಗೇಟಿನ ಸರಳುಗಳ ನಡುವೆ ಸಿಕ್ಕಿಸಿ ಹೋಗಿ ಟ್ರಕ್ಕಿನಲ್ಲಿ ಕೂತಳು. ದಾರಿಯಲ್ಲಿ ರೇಡಿಯೋ ಹಾಕಿದೆ. ಆರಿಸಿದಳು.

ಮಾರ್ಚ್ 16
ಹೋಬಾರ್ಟ್‌ಗೆ ಹೇಳಿದೆ. "ಅಯ್ಯೋ ಮಾರಾಯ, ನಮ್ಮ ಲಾರೀಲಿ ಸರಪಳಿ ಕತ್ತರಿಸೋ ಕಟರ್ ಇದೆ. ಕತ್ತರಿಸೋದು ಹತ್ತು ಎಣಿಸೋದ್ರೊಳಗೆ ಮುಗಿಯುತ್ತೆ."

"ಆಮೇಲೆ ಜೈಲಿಗೆ ಊಟ ನೀನ್ ತರ್ತೀಯಾ?"

"ನಾನ್ಯಾಕೆ? ನಿನ್ ಪಕ್ಕದ ಕೋಣೇಲೇ ಇರ್ತೀನಲ್ಲ." ಆಮೇಲೆ ಅವನೇ— "ಲೋ ವರ್ಜಿಲ್, ಆ ಲೀಗಲ್ ಪ್ಲಾನು ಇದೆಯಲ್ಲ ನಿಂದು. ಅದೇನು ಪೂಜೆಗಾ ಇಟ್ಟಿದ್ದೀಯ?"

ಸಂಬಳದಲ್ಲಿ ತಿಂಗಳು ತಿಂಗಳು ಹಿಡಿದು, ಬೇಕಾದಾಗ ಲಾಯರ್ ಕೊಡುವ ಪ್ಲಾನು. ಒಂದು ವಿಲ್ ಬರೆಸಿದ್ದು ಬಿಟ್ಟರೆ ಮುಟ್ಟಿಲ್ಲ. ಹೋಬಾರ್ಟ್ ಅದರಲ್ಲಿ ಓವರ್‌ಸ್ಪೀಡ್ ಕೇಸುಗಳನ್ನು ಬಿಡಿಸಿಕೊಂಡಿದ್ದಾನೆ, ಬಾಡಿಗೆಯವನನ್ನು ಎಬ್ಬಿಸಿದ್ದಾನೆ. ಡಿಸೆಂಬರಿನಲ್ಲೇ ಬಿಡಬೇಕು ಅಂತಿದ್ದೆ. ಮರೆತೆ.

ಊಟದ ಬಿಡುವಿನಲ್ಲಿ ಫೋನ್ ಮಾಡಿದೆ. ವಿಲ್‌ಗೆ ಒಂದು ಒತ್ತಿ. ಟ್ರಾಫಿಕ್‌ಗೆ ಎರಡು. ವಿಚ್ಛೇದನ, ಬಾಡಿಗೆ, ಸಾಲ... ನಮ್ಮದು ಯಾವುದರಲ್ಲೂ ಇಲ್ಲ. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. "ವಿಷಯ ಏನ್ ಸಾರ್?" ಸಮಾಧಿ ಅಂದೆ. "ಆಸ್ತಿ ಹಂಚಿಕೆನಾ?" ಅಲ್ಲಮ್ಮ, ಸಮಾಧಿ, ನಮ್ಮ ಮಗಳದ್ದು, ಬೇರೆಯವರ ಜಮೀನಲ್ಲಿದೆ ಅಂದೆ. ಸ್ವಲ್ಪ ಹೊತ್ತು ಬರೀ ಕೀ ಒತ್ತುವ ಸದ್ದು. "ಇತರೆ ಅಂತ ಹಾಕ್ತೀನಿ ಸಾರ್" ಅಂದಳು.

ಒನೈಡಾಗೆ ಹೇಳಿಲ್ಲ ಇನ್ನೂ.

ಮಾರ್ಚ್ 18
ಲೆಕ್ಸಿಂಗ್ಟನ್ನಿನಿಂದ ಲಾಯರ್ ಫೋನು. ಹೆಂಗಸು. ಅಬರ್ನಥಿ ಅಂತ. ಧ್ವನಿಗೆ ನೆಗಡಿಯಾಗಿತ್ತು.

"ಸ್ಟಾಂಪರ್ ಅವ್ರೇ, ನೇರವಾಗಿ ಹೇಳಿಬಿಡ್ತೀನಿ. ಈ ಥರದ್ದು ನಾನು ಇದುವರೆಗೂ ಮಾಡಿಲ್ಲ. ವಿಲ್ಲು, ನಾಯಿ ಕಚ್ಚಿದ್ದು, ಬೇಲಿ ಜಗಳ— ಇವೇ ನಮಗೆ ಬರೋದು. ಎರಡು ದಿನ ಕೊಡಿ, ಓದಿಕೊಂಡು ಹೇಳ್ತೀನಿ."

ಗೊತ್ತಿಲ್ಲ ಅಂತ ಒಪ್ಪಿಕೊಂಡಿದ್ದಕ್ಕೇ ಅವಳ ಮೇಲೆ ನಂಬಿಕೆ ಬಂತು. ಕಲ್ಲಿದೆಯಾ, ಹೆಸರಿದೆಯಾ, ಇನ್ನು ಯಾರ್ಯಾರಿದ್ದಾರೆ, ಯಾರಿಗೆ ಏನಾಗಬೇಕು— ಎಲ್ಲ ಕೇಳಿದಳು. ಹೇಳಿದೆ. ಒನೈಡಾಳ ಅಜ್ಜಿ, ತಾತ, ಗಣಿಯಲ್ಲಿ ಸತ್ತ ಚಿಕ್ಕಪ್ಪ, ಹಳಬರು ಕೆಲವರು. ಅವರ ತಲೆ ಹತ್ತಿರ ಹೊಲದ ಕಲ್ಲು ನೆಟ್ಟಿದ್ದು, ಅಷ್ಟೇ. ಹೆಸರು ಕೆತ್ತಿದ ಕಲ್ಲು ಲುರೀನಾಳದ್ದು ಒಂದೇ.

"ಮಗು ಎಷ್ಟು ದಿನ..."

"ನಾಲ್ಕು ದಿನ ಮೇಡಂ."

ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು. ಪಾತ್ರೆ ಎಲ್ಲ ಆಗಲೇ ತೊಳೆದಾಗಿತ್ತು. ಫೋನಿಟ್ಟ ಮೇಲೆ ಒನೈಡಾ ಬಂದಳು.

"ಯಾರಿಗೆ ಹೇಳ್ತಿದ್ದೆ?"

"ಲಾಯರ್‌ಗೆ."

"ನನ್ನ ಮಗಳ ವಿಷಯ ಲಾಯರ್‌ಗಾ?" ಹೋಗಿ ಮಲಗಿದಳು.

ಮಾರ್ಚ್ 20
ಅಬರ್ನಥಿ ಹೇಳಿದ ದಿನಕ್ಕೇ ಫೋನ್ ಮಾಡಿದಳು. ನೆಗಡಿ ಇನ್ನೂ ಇತ್ತು. ಹುರುಪೂ ಇತ್ತು.

ಜಮೀನು ಯಾರದ್ದಾದರೂ ಆಗಲಿ, ಸಮಾಧಿಯಲ್ಲಿರುವವರ ಹತ್ತಿರದವರು ಹೋಗಿ ಬರುವುದನ್ನು ತಡೆಯುವ ಹಾಗಿಲ್ಲವಂತೆ. ಹೊತ್ತಲ್ಲದ ಹೊತ್ತಲ್ಲಿ ಅಲ್ಲ, ಬೆಳೆ ತುಳಿದಲ್ಲ. ಸರಿಯಾದ ಹೊತ್ತಿಗೆ, ಸರಿಯಾದ ದಾರಿಯಲ್ಲಿ. ಪತ್ರದಲ್ಲಿ ಬರೆದಿರಬೇಕಾಗಿಲ್ಲ.

"ಹಾಗಾದ್ರೆ ಗೆದ್ದ ಹಾಗೇನಾ?"

"ಕಾನೂನು ನಿಮ್ಮ ಕಡೆ ಇದೆ ಅಂದೆ. ಗೇಟಿನ ಬೀಗ ಅವರ ಕೈಲಿದೆ" ಅಂದಳು. ಸಲಹೆ, ಪತ್ರ, ಫೋನು, ಒಪ್ಪಂದದ ಕಾಗದ ಎಲ್ಲ ಪ್ಲಾನಿನಲ್ಲೇ. ಕೋರ್ಟಿಗೆ ಹೋದರೆ ಮಾತ್ರ ಬೇರೆ ಫೀಜು— ಸ್ವಲ್ಪ ರಿಯಾಯಿತಿ. "ಕೋರ್ಟ್ ತನಕ ಹೋಗದ ಹಾಗೆ ನೋಡೋಣ. ಮೊದಲು ಮರ್ಯಾದೆಯಿಂದ ಒಂದು ಪತ್ರ."

ಪತ್ರದ ಪ್ರತಿ ಸಂಜೆಯೇ ಫೋನಿಗೆ ಬಂತು. ಒನೈಡಾ ಓದಲ್ಲ ಅಂದುಕೊಂಡೆ. ಕನ್ನಡಕ ಹಾಕಿಕೊಂಡು ಓದಿದಳು. ಎರಡು ಸಲ.

"ಹೆಸರು ತಪ್ಪು ಬರೆದಿದ್ದಾರೆ. ಲೊರೀನಾ ಅಲ್ಲ. ಲುರೀನಾ. ನಮ್ಮಜ್ಜಿ ಹೆಸರು. ತಿದ್ದೋಕೆ ಹೇಳು."

ತಿದ್ದಿಸಿದೆ. ಲೀಗಲ್ ಪ್ಲಾನಿನಿಂದ ಒನೈಡಾ ಕೇಳಿದ ಮೊದಲ ಕೆಲಸ ಅದು.

ಏಪ್ರಿಲ್ 2
ಹಿಮ ಮತ್ತೆ ಬಿತ್ತು. ತೊಳೆದಿಟ್ಟ ಲಾರಿ ಮತ್ತೆ ತೆಗೆದೆವು. ಮೇಸ್ತ್ರಿಯನ್ನು ಇಡೀ ದಿನ ಹೋಬಾರ್ಟ್ ಹವಾಮಾನ ತಜ್ಞರೇ ಅಂತ ಕರೆದ.

ಕ್ರೌಸ್‌ನ ಉತ್ತರ ಬಂದಿದೆ, ಅವನ ಲಾಯರ್ ಮುಖಾಂತರ. ಆ ಜಾಗದಲ್ಲಿ ಅವನು ಮನೆ ಕಟ್ಟಬೇಕಂತೆ. ಗುಡ್ಡದಲ್ಲಿ ಸಮತಟ್ಟಾಗಿರುವುದು ಅದೊಂದೇ. ಹಾಗಾಗಿ ಎಲ್ಲ ಸಮಾಧಿಗಳನ್ನೂ ತನ್ನ ಖರ್ಚಿನಲ್ಲಿ ಪೇಟೆಯ ಸ್ಮಶಾನಕ್ಕೆ ಸ್ಥಳಾಂತರಿಸಿ ಕೊಡುತ್ತಾನಂತೆ. ಹೊಸ ಕಲ್ಲು ಸಮೇತ.

ಅಬರ್ನಥಿ— "ಬೇಡ ಅನ್ನೋ ಹಕ್ಕು ನಿಮಗಿದೆ. ಸಮಾಧಿ ಎತ್ತೋಕೆ ಅವರಿಗೆ ಕೌಂಟಿ ಆಡಳಿತದ ಅನುಮತಿ ಬೇಕು, ಅಲ್ಲಿ ನಿಮ್ಮ ಮಾತೂ ಕೇಳ್ತಾರೆ. ಆದ್ರೆ ಕೆಟ್ಟ ಮಾತೇನಲ್ಲ. ಇಬ್ಬರೂ ಯೋಚನೆ ಮಾಡಿ."

ನನಗೆ ಸರಿ ಅನ್ನಿಸಿತು. ಪೇಟೆಯ ಸ್ಮಶಾನ ನಮ್ಮ ಚರ್ಚಿನ ಹಿಂದೆ. ಗೇಟಿಲ್ಲ, ಹೋರಿ ಇಲ್ಲ, ಹತ್ತುವುದಿಲ್ಲ. ನಮ್ಮಪ್ಪ ಅಮ್ಮ ಅಲ್ಲೇ ಇದ್ದಾರೆ. ನಮ್ಮಿಬ್ಬರಿಗೂ ಅಲ್ಲೇ ಜಾಗ ತೆಗೆದಿಟ್ಟಿದೆ. ಊಟಕ್ಕೆ ಕೂತಾಗ ಹಾಗೇ ಹೇಳಿದೆ.

ಒನೈಡಾ ಫೋರ್ಕ್ ಕೆಳಗಿಟ್ಟಳು. "ಅಗೀತಾರಾ?"

"ತಿಳಿದವರೇ ಮಾಡ್ತಾರೆ, ಜೋಪಾನವಾಗಿ..."

"ಏನ್ ಸಿಗುತ್ತೆ ಅಂದ್ಕೊಂಡಿದ್ದೀಯ ವರ್ಜಿಲ್? ನಾಲ್ಕು ದಿನದ ಕೂಸು. ಪೈನ್ ಹಲಗೆ ಪೆಟ್ಟಿಗೆ. ಅಗೆದು ನೋಡಿ, ಏನೂ ಇಲ್ಲ ಅಂತ ನಿಂಗೆ ಬಂದು ಹೇಳ್ತಾರೆ. ಒಂದು ಬುಟ್ಟಿ ಮಣ್ಣು ತಗೊಂಡ್ಹೋಗಿ ಪೇಟೇಲಿ ಹಾಕಿ, ಅದರ ಮೇಲೆ ಕಲ್ಲು ನೆಡ್ತಾರೆ. ಅಲ್ಲಿಗೆ ಹೂ ಇಡೋಕೆ ಹೋಗ್ಬೇಕಾ ನಾನು?"

ಪೆಟ್ಟಿಗೆ ಮಾಡಿದ್ದು ನಾನೇ. ಅದನ್ನು ಯೋಚಿಸಿರಲಿಲ್ಲ.

"ಯಾರೂ ತೆಗೆದು ನೋಡದಿದ್ರೆ ಅವಳು ಅಲ್ಲಿದ್ದಾಳೆ" ಅಂದಳು. ತಟ್ಟೆ ಎತ್ತಿಕೊಂಡು ಹೋದಳು.

ಏಪ್ರಿಲ್ 3
ಅಬರ್ನಥಿಗೆ ಕೇಳಿದೆ, ನಿಜಕ್ಕೂ ಏನು ಸಿಗುತ್ತೆ ಅಂತ. ಸುತ್ತಿಬಳಸದೆ ಹೇಳಿದಳು. ಅಷ್ಟು ಹಳೆಯದು, ಅಷ್ಟು ಚಿಕ್ಕದು ಅಂದರೆ ಬಣ್ಣ ಬದಲಾದ ಮಣ್ಣು ಸಿಕ್ಕರೆ ಹೆಚ್ಚು.

"ಸ್ಥಳಾಂತರ ಬೇಡ ಅಂತ ಬರೀರಿ" ಅಂದೆ.

"ನಿಮ್ಮ ಮನೆಯವರೂ ಅದನ್ನೇ ಹೇಳ್ತಾರಾ?"

"ಅವಳೇ ಮೊದಲು ಹೇಳಿದ್ದು. ನಂಗೆ ತಿಳಿಯೋಕೆ ಒಂದು ರಾತ್ರಿ ಬೇಕಾಯ್ತು."

ಏಪ್ರಿಲ್ 14
ಅವನ ಕಡೆ ಲಾಯರ್ ಹೊಸ ವರಸೆ ತೆಗೆದಿದ್ದಾನೆ. ಅದು ಸ್ಮಶಾನ ಅನ್ನೋದಕ್ಕೆ ಸಾಕ್ಷಿ ಏನು? ಕೌಂಟಿಯ ನಕ್ಷೆಯಲ್ಲಿಲ್ಲ. ಹೊಲದ ಕಲ್ಲು ಎಲ್ಲ ಹೊಲದಲ್ಲೂ ಇರುತ್ತೆ. ಹೆಸರಿರುವ ಒಂದು ಕಲ್ಲನ್ನು ಯಾರು ಬೇಕಾದರೂ ತಂದಿಡಬಹುದು.

ಇದನ್ನು ಓದಿ ಲಾರಿಯ ಬಾಗಿಲನ್ನು ಒದ್ದೆ. ಕಾಲು ನೋವು.

ಅಬರ್ನಥಿಗೆ ಸಿಟ್ಟೇ ಬರಲಿಲ್ಲ. "ಕೇಳಲಿ, ಕೇಳೋದು ಅವರ ಕೆಲಸ. ಗೊತ್ತಿರೋರು ಅಫಿಡವಿಟ್ ಕೊಡ್ಬೇಕು. ಯಾರನ್ನ ಯಾವಾಗ ಎಲ್ಲಿ ಮಣ್ಣು ಮಾಡಿದ್ರು, ಯಾರು ಬಂದು ಹೋಗ್ತಿದ್ರು. ಅದೂ ಪ್ಲಾನಲ್ಲೇ ಬರುತ್ತೆ. ನಿಮ್ಮಿಬ್ಬರದ್ದೂ ಬೇಕು. ನಿಮ್ಮ ಮನೆಯವರದ್ದು ಮುಖ್ಯ. ಅದು ಅವರ ತವರಿನ ಜಾಗ."

"ಅವಳು ಈ ವಿಷಯ ಮಾತಾಡಲ್ಲ ಮೇಡಂ. ನನ್ನ ಹತ್ರಾನೂ."

"ನಾನು ಕೇಳಿ ನೋಡ್ಲಾ?"

ಏಪ್ರಿಲ್ 17, ಶುಕ್ರವಾರ
ರಜೆ ಹಾಕಿದೆ. ಬೆಳಿಗ್ಗೆ ಫೋನ್ ಬಂತು. ಒನೈಡಾ ಕೈ ಒರೆಸಿಕೊಂಡು ತಾನೇ ತೆಗೆದುಕೊಂಡಳು. ಬೇಡ ಅಂತಾಳೆ ಅಂದುಕೊಂಡಿದ್ದೆ. "ಹೇಳಮ್ಮ" ಅಂದು ಕುರ್ಚಿ ಎಳೆದುಕೊಂಡಳು. ಸ್ಪೀಕರ್ ಹಾಕಿದ್ದಳು— ಕಿವಿ ಸ್ವಲ್ಪ ಮಂದ. ನಾನು ಜಗಲಿಗೆ ಹೋದೆ. ಬಾಗಿಲು ತೆರೆದೇ ಇತ್ತು.

ಮೊದಲು ತಾತ, ಅಜ್ಜಿ, ಚಿಕ್ಕಪ್ಪ. ಯಾರ ಪಕ್ಕ ಯಾರು. ಪಟಪಟ ಹೇಳಿದಳು. ಅಜ್ಜಿಯ ತಲೆ ಕಡೆ ಸೀಡರ್ ಮರ. ಆಮೇಲೆ—

"ಮಗುವನ್ನ ಮಣ್ಣು ಮಾಡುವಾಗ ನೀವಿದ್ರಾ?"

"ಇಲ್ಲ. ಆಸ್ಪತ್ರೇಲಿದ್ದೆ. ಹೊಲಿಗೆ ಹಾಕಿದ್ರು, ಬಿಡ್ಲಿಲ್ಲ. ನಮ್ಮ ತಾತ, ನನ್ನ ಗಂಡ ಹೋದ್ರು."

"ಮತ್ತೆ ಮೊದಲು ಯಾವಾಗ ನೋಡಿದ್ರಿ?"

"ಮನೆಗೆ ಬಂದ ಮಾರನೇ ದಿನ. ಇವ್ರು ಕೆಲ್ಸಕ್ಕೆ ಹೋದ್ರು. ನಾನು ಹತ್ತಿದೆ. ಅವಾಗ ಕಲ್ಲಿರ್ಲಿಲ್ಲ, ಬರೀ ಮಣ್ಣು. ಹಾಲು ಕಟ್ಟಿ ಎದೆ ಉರೀತಿತ್ತು. ಅಲ್ಲೇ ಕೂತು... ಮಣ್ಣಿಗೆ ಹಿಂಡಿದೆ. ಆ ವಾರವೆಲ್ಲ ಹಾಗೇ ಮಾಡಿದೆ. ಹಾಲು ನಿಲ್ಲೋ ತನಕ. ಇದನ್ನ ಬರೀಬೇಡಿ."

"ಬರಿಯಲ್ಲ" ಅಂತ ಅಬರ್ನಥಿ ಅಂದದ್ದು ಕೇಳಿಸಿತು.

ನನಗೆ ಇದು ಗೊತ್ತಿರಲಿಲ್ಲ. ಆ ವಾರ ನಾನು ಸೇತುವೆ ಕೆಲಸದಲ್ಲಿದ್ದೆ. ಸಂಜೆ ಬಂದಾಗ ಅವಳ ಶೂ ಬಾಗಿಲ ಹತ್ತಿರ ಕೆಸರಾಗಿರುತ್ತಿತ್ತು. ತೋಟದ ಕೆಸರು ಅಂದುಕೊಂಡಿದ್ದೆ.

ಒಳಗೆ ಹೋದೆ. ಕಾಫಿ ಮಾಡಿದೆ. "ನೀರಾಗಿದೆ" ಅಂದಳು. ಕುಡಿದಳು.

ಏಪ್ರಿಲ್ 20
ಬ್ಯಾಂಕಿನಲ್ಲಿ ನೋಟರಿ ಮುಂದೆ ಇಬ್ಬರೂ ಅಫಿಡವಿಟ್‌ಗೆ ಸಹಿ ಹಾಕಿದೆವು. ಅಬರ್ನಥಿ ಹೇಳಿದಂತೆ ನಡೆದುಕೊಂಡಿದ್ದಾಳೆ. ಆ ಮಾತು ಅದರಲ್ಲಿಲ್ಲ.

ಮೇ 5
ಎರಡು ವಾರ ಏನೂ ಇಲ್ಲ. ಹುಲ್ಲು ಕತ್ತರಿಸುವ ಕೆಲಸ ಶುರು. ಆ ಗೇಟಿನ ಮುಂದಿನ ರಸ್ತೆ ಬದಿ ನಮ್ಮ ಪಾಲಿಗೇ ಬಂತು. ಹೋಬಾರ್ಟ್ ಅಲ್ಲಿ ನಿಧಾನ ಮಾಡಿ, "ಕಟರ್ ಇಲ್ಲೇ ಇದೆ ನೋಡು" ಅಂದ. ಸರಳುಗಳ ನಡುವೆ ಒನೈಡಾಳ ಹೂವು ಇರಲಿಲ್ಲ. ಯಾರೋ ತೆಗೆದಿದ್ದಾರೆ.

ಸಂಜೆ ಅಬರ್ನಥಿ. ಕ್ರೌಸ್ ಒಪ್ಪಿದ್ದಾನೆ! ಅಫಿಡವಿಟ್ ಓದಿ ತನ್ನ ಲಾಯರ್‌ಗೆ ಸಾಕು ನಿಲ್ಲಿಸಿ ಅಂದನಂತೆ. ಮನೆ ಕೆಳಗಡೆ ಕಟ್ಟಿಕೊಳ್ಳುತ್ತಾನಂತೆ. ಸಮಾಧಿಗಳ ಸುತ್ತ ಬೇಲಿ, ಗೇಟಿನಿಂದ ದಾರಿ, ಹೋಗುವ ಹಿಂದಿನ ದಿನ ನಾವು ಒಂದು ಫೋನ್ ಮಾಡಿದರೆ ಸಾಕು. ಎಲ್ಲ ಬರೆದು ಸಹಿ ಹಾಕಿಸಿ ಕೌಂಟಿ ಕಚೇರಿಯಲ್ಲಿ ದಾಖಲು. ನಾಳೆ ಇನ್ನೊಬ್ಬ ಕೊಂಡರೂ ಈ ದಾರಿ ಹೋಗಲ್ಲ.

ಒನೈಡಾಗೆ ಹೇಳಿದೆ. "ಭಾನುವಾರ ಹೋಗೋಣ" ಅಂದಳು. ಒಗೆದ ಬಟ್ಟೆ ಮಡಿಸುತ್ತಿದ್ದಳು. ಒಂದೇ ಟವೆಲನ್ನು ಮಡಿಸಿ ಬಿಚ್ಚಿ ಮಡಿಸಿದಳು.

ಮೇ 10, ಭಾನುವಾರ
ಅಮ್ಮಂದಿರ ದಿನ. ಚರ್ಚಿನಲ್ಲಿ ಎಲ್ಲ ತಾಯಂದಿರಿಗೂ ಕಾರ್ನೇಷನ್ ಹೂ ಕೊಡುತ್ತಾರೆ. ಒನೈಡಾ ಆ ಭಾನುವಾರ ಚರ್ಚಿಗೆ ಹೋಗುವುದೇ ಇಲ್ಲ. ಇವತ್ತು ಹೋದಳು. ಹೂ ಇಸಕೊಂಡಳು. ಅಲ್ಲಿಂದ ನೇರ ಗುಡ್ಡಕ್ಕೆ.

ಕ್ರೌಸ್ ಗೇಟು ತೆಗೆದು ನಿಂತಿದ್ದ. ಒನೈಡಾಗೆ ಗಾಡಿಯಲ್ಲಿ ಕೂರಿ ಅಂದ. "ನಡೀತೀನಿ" ಅಂದಳು. ಅವನೂ ಗಾಡಿ ಬಿಟ್ಟು ಹಿಂದೆ ನಡೆದು ಬಂದ. ಬೇಲಿ ಹಾಕಿದ್ದಾನೆ, ಕಂಬ ನೆಟ್ಟಗಿವೆ. ಹೋರಿಗಳು ಕೆಳಗೆ ದೂರದಲ್ಲಿ.

ಕಲ್ಲು ಹಾಗೇ ಇತ್ತು, ಒಂದು ಕಡೆ ಸ್ವಲ್ಪ ವಾಲಿದೆ. ಒನೈಡಾ ಮಂಡಿಯೂರಿ ಕೈಯಿಂದ ಪಾಚಿ ಕೆರೆದಳು. ಹೂವಿಟ್ಟಳು. ಅಳಲಿಲ್ಲ. ನಾನೇ ಮೂಗು ಒರೆಸಿಕೊಂಡೆ.

ಕ್ರೌಸ್ ಬೇಲಿಯ ಹೊರಗೇ ಇದ್ದ, ಟೋಪಿ ಕೈಯಲ್ಲಿ ಹಿಡಿದು. "ಅವತ್ತಿನ ಹೂವು... ಒಣಗಿದ ಮೇಲೆ ತೆಗೆದೆ. ಅಲ್ಲೀತನಕ ಮುಟ್ಟಿಲ್ಲ" ಅಂದ. ಆಮೇಲೆ ಬೇರೆ ಕಲ್ಲುಗಳ ಕಡೆ ನೋಡಿ, "ಉಳಿದವ್ರು ಯಾರ್ಯಾರು?"

ಒನೈಡಾ ಎದ್ದು ಒಂದೊಂದೇ ಕಲ್ಲು ಮುಟ್ಟಿ ಹೇಳಿದಳು. "ಇದು ಅಜ್ಜಿ. ಲುರೀನಾ ಅವರ ಹೆಸರೇ. ಇದು ತಾತ— ಕೋಪಿಷ್ಠ, ಆದ್ರೆ ಹಾಡ್ತಿದ್ರು. ಇದು ಚಿಕ್ಕಪ್ಪ, ಗಣಿ ಕುಸಿದದ್ದು. ಇದ್ಯಾರೋ ನಂಗೂ ಗೊತ್ತಿಲ್ಲ, ಹಳಬರು. ಹೋರಿ ಬಿಟ್ಟೀರಿ ಮತ್ತೆ, ತಾತ ಎದ್ದು ಬರ್ತಾರೆ."

ಕ್ರೌಸ್ ನಕ್ಕ. ನಗೋದಾ ಬೇಡವಾ ಅಂತ ನೋಡಿ ಆಮೇಲೆ ನಕ್ಕ.

ಇಳಿಯುವಾಗ ಒನೈಡಾ ನನ್ನ ತೋಳು ಹಿಡಿದಿದ್ದಳು. "ವರ್ಜಿಲ್, ನನ್ನನ್ನ ಪೇಟೇಲಿ ಹಾಕ್ಬೇಡ."

"ಜಾಗ ತೆಗೆದಿಟ್ಟಿದೆಯಲ್ಲೇ. ನಮ್ಮವರೆಲ್ಲ ಅಲ್ಲೇ..."

"ನಿಮ್ಮವರ ಜೊತೆ ನೀನಿರು. ನಾನು ಇಲ್ಲಿ."

"ಗಂಡನ್ನ ಬಿಟ್ಟು ಹೋಗೋ ವಯಸ್ಸಾ ಇದು?" ತಮಾಷೆಗೆ ಅಂದೆ. ಅವಳು ತಮಾಷೆಗೆ ಹೇಳಿರಲಿಲ್ಲ.

ಮೇ 12
ಅಬರ್ನಥಿಗೆ ಫೋನ್. ಹೋಗಿ ಬರೋದು ಬೇರೆ, ಹೊಸದಾಗಿ ಹೂಳೋದು ಬೇರೆ ಅಂದಳು. ಅದಕ್ಕೆ ಹಕ್ಕಿಲ್ಲ. ಜಮೀನಿನವನು ಮನಸ್ಸು ಮಾಡಬೇಕು. ಒಪ್ಪಿದರೆ ಒಪ್ಪಂದಕ್ಕೆ ಇನ್ನೊಂದು ಪುಟ ಸೇರಿಸಿ ಕೊಡ್ತಾಳೆ, ನಮ್ಮ ವಿಲ್ ಕೂಡ ತಿದ್ದಬೇಕು— ಎರಡೂ ಪ್ಲಾನಿನಲ್ಲೇ. "ಪತ್ರ ಬರೀಲಾ ಅವರಿಗೆ?"

ಒನೈಡಾ ಪಕ್ಕದಿಂದ, "ಬೇಡಮ್ಮ. ಪತ್ರ ಬೇಡ. ನಾನೇ ಹೋಗಿ ಕೇಳ್ತೀನಿ" ಅಂದಳು.

ಈ ಎರಡು ರಾತ್ರಿ ಅಪ್ಪ ಅಮ್ಮನ ಪಕ್ಕದ ಆ ಜಾಗ ಯೋಚಿಸಿದೆ. ಒಂದಿಷ್ಟು ಹುಲ್ಲು. ಹಿಂದೆ ಪಾರ್ಕಿಂಗು. ಅಪ್ಪ ಅಮ್ಮನಿಗೆ ಒಬ್ಬರಿಗೊಬ್ಬರು ಇದ್ದಾರೆ. ಒನೈಡಾಗೆ ಇದನ್ನು ಇನ್ನೂ ಹೇಳಿಲ್ಲ.

ಮೇ 16, ಶನಿವಾರ. ಬೆಳಿಗ್ಗೆ
ಗೇಟಿನ ಹತ್ತಿರ ಟ್ರಕ್ಕಿನಲ್ಲಿ ಕೂತು ಬರೆಯುತ್ತಿದ್ದೇನೆ. ಜೊತೆಗೆ ಬರಬೇಡ ಅಂದಳು. ಸೇಬಿನ ಪೈ ತಂದಿದ್ದಾಳೆ, ಲಂಚ ಅಲ್ಲ ಅಂತ ಅವಳೇ ಹೇಳಿದಳು.

ಕ್ರೌಸ್‌ನ ಟ್ರೇಲರ್ ಮನೆಯ ಮುಂದೆ ಇಬ್ಬರೂ ನಿಂತಿದ್ದಾರೆ. ಪೈ ಅವನ ಕೈಯಲ್ಲಿ. ಅವಳು ಮಾತಾಡುತ್ತಿದ್ದಾಳೆ. ಕೈ ಎತ್ತಿ ಗುಡ್ಡ ತೋರಿಸುತ್ತಿದ್ದಾಳೆ. ಅವನು ನೆಲ ನೋಡುತ್ತಿದ್ದಾನೆ. ಬಹಳ ಹೊತ್ತಾಯಿತು.

ಒಳಗೆ ಹೋದ. ಅವಳು ಅಲ್ಲೇ ನಿಂತಿದ್ದಾಳೆ, ಕೈ ಕಟ್ಟಿಕೊಂಡು. ಮುಗಿಯಿತು ಅನ್ನಿಸುತ್ತೆ... ಇಲ್ಲ, ಬಂದ. ಪೈ ಇಲ್ಲ. ಕೈಯಲ್ಲಿ ಅಳತೆ ಟೇಪು, ಬಗಲಲ್ಲಿ ಮರದ ಗೂಟ. ಅವನು ಗುಡ್ಡದ ಕಡೆ ಹೊರಟ.

ಅವಳು ತಿರುಗಿ ನನ್ನ ಕಡೆ ನೋಡಿ ಎರಡೂ ಕೈ ಬಾಯಿಗಿಟ್ಟು ಕೂಗುತ್ತಿದ್ದಾಳೆ—

"ಒಬ್ಬರಿಗಾ, ಇಬ್ಬರಿಗಾ ಅಂತ ಕೇಳ್ತಿದ್ದಾರೆ! ಬೇಗ ಹೇಳೋ ಮಾರಾಯ!"

ಇಳಿಯುತ್ತಿದ್ದೇನೆ. ಅಷ್ಟು ದೂರಕ್ಕೆ ನನ್ನ ಧ್ವನಿ ಕೇಳಿಸಲ್ಲ, ಎರಡು ಬೆರಳು ಎತ್ತಿ ತೋರಿಸಬೇಕು.